ಟೆರೇಸಿನ ಮೇಲಿನ ಜೋಡಿ ಸೀಟು

ಆ ಎರಡು ಸೀಟಿಗೆ ನಾನು ಕೊಟ್ಟದ್ದು ನಾಲ್ಕೂವರೆ ಸಾವಿರ. ಪಿಂಪ್ರಿ-ಚಿಂಚವಾಡದ ಗುಜರಿಯವನು ಮೊದಲು ಒಂಬತ್ತು ಹೇಳಿದ್ದ. ಸಣ್ಣ ಪಂಖದ ವಿಮಾನವೊಂದನ್ನು ಬಿಚ್ಚಿ ಮಾರಿದಾಗ ಬಂದ ಮಾಲು ಅದು. ಒಂದಕ್ಕೊಂದು ಕೂಡಿಕೊಂಡ ಜೋಡಿ, ನೀಲಿ ಬಟ್ಟೆ, ನಡುವೆ ಎತ್ತಿ ಇಳಿಸುವ ಕೈಯಾಸರೆ, ಬೆಲ್ಟುಗಳೆರಡೂ ಸರಿಯಾಗಿದ್ದವು. ಆದರೆ ಅದರ ಕಾಲು ವಿಮಾನದೊಳಗಿನ ಹಳಿಗೆ ಕೂರುವಂಥದ್ದು, ಬರೀ ನೆಲದ ಮೇಲೆ ನಿಲ್ಲುವುದಿಲ್ಲ. ನಿಲ್ಲದ ಕುರ್ಚಿಯನ್ನು ಯಾರಿಗೆ ಮಾರುತ್ತೀ ಎಂದು ಒಂದೇ ಮಾತು ಕೇಳಿದೆ, ಬೆಲೆ ಅರ್ಧಕ್ಕೆ ಬಂತು. ಕೆಳಗೆ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿದ ಖರ್ಚು ಬೇರೆ. ಇಷ್ಟು ದುಡ್ಡು ಏಕೆ ಹಾಕಿದೆನೆಂದರೆ, ನಮ್ಮ ಟೆರೇಸಿನ ಪ್ಲಾಸ್ಟಿಕ್ ಕುರ್ಚಿಗಳು ಪ್ರತಿ ಬೇಸಿಗೆಗೂ ಸೀಳುತ್ತಿದ್ದವು. ಒಟ್ಟು ಲೆಕ್ಕದಲ್ಲಿ ಇದೇ ಅಗ್ಗ.

ನನ್ನದು ಹಳೆಯ ಹೋಟೆಲ್ ಸಾಮಾನಿನ ವ್ಯಾಪಾರ. ಮುಚ್ಚುವ ಹೋಟೆಲಿನಿಂದ ಗ್ರೈಂಡರು, ಒಲೆ, ಮೇಜು ಕೊಂಡು ತೆರೆಯುವ ಹೋಟೆಲಿಗೆ ಮಾರುತ್ತೇನೆ. ವಿಜಯಪುರದಿಂದ ಪುಣೆಗೆ ಬಂದಾಗ ಬಂಡವಾಳವೆಂದು ಇದ್ದದ್ದು ನಾಲಿಗೆಯೊಂದೇ. ನಡೆಯದ ಹೋಟೆಲಿನ ಸಾಮಾನು ಅಪಶಕುನವೆಂದು ಬೇರೆಯವರು ಮುಟ್ಟದೆ ಬಿಟ್ಟದ್ದನ್ನೇ ನಾನು ಕಡಿಮೆಗೆ ತಂದು ಬಾಳು ಕಟ್ಟಿಕೊಂಡವನು. ಅಮಾವಾಸ್ಯೆಯ ದಿನ ಗಿರಾಕಿಗಳು ಕಡಿಮೆ, ಆದ್ದರಿಂದ ಚೌಕಾಸಿಗೆ ಅದೇ ಒಳ್ಳೆಯ ದಿನವೆಂದು ಸ್ನೇಹಿತರಿಗೆ ಈಗಲೂ ಹೇಳುತ್ತೇನೆ. ದೆವ್ವ, ಶಕುನ, ಕಾಣದ ಶಕ್ತಿ ಇಂಥವನ್ನೆಲ್ಲ ನಂಬಿದವನೇ ಅಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಮನೆ ಧಾನೋರಿಯ ಕಡೆ. ಟೆರೇಸಿನ ತಗಡಿನ ಮಾಡಿನ ಕೆಳಗೆ ಕೂತರೆ ಪುಣೆಯ ಲೋಹಗಾಂವ್ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಕಾಣುತ್ತವೆ. ವಾಯುಪಡೆಯ ಜಾಗವಾದ್ದರಿಂದ ಕ್ಯಾಮೆರಾ ಹಿಡಿಯುವಂತಿಲ್ಲ. ಹಾಗಾಗಿ ವಿಮಾನದ ಹುಚ್ಚಿನ ನಮ್ಮ ಮೂವರಿಗೆ ಮಾತೇ ಆಸರೆ. ನಾನೊಬ್ಬ. ಸದಾಶಿವ ಪೇಠೆಯ ಕೋಚಿಂಗ್ ಕ್ಲಾಸಿನಲ್ಲಿ ಭೂಗೋಳ ಕಲಿಸುವ ಗೋಡಬೋಲೆ ಮೇಡಮ್ ಇನ್ನೊಬ್ಬರು. ಮೂರನೆಯವರು ಉಡುಪಿ ಕಡೆಯ ಹೋಟೆಲಿನ ಶೆಟ್ಟರು, ನನ್ನ ಹಳೆಯ ಗಿರಾಕಿ.

ಸೀಟು ಬಂದ ಮೇಲೆ ನಮ್ಮಲ್ಲೊಂದು ಆಟ ಹುಟ್ಟಿತು. ನಾವು ಅದನ್ನು ಇಳಿಸುವುದು ಎನ್ನುತ್ತಿದ್ದೆವು. ಒಬ್ಬರು ಕಿಟಕಿಯ ಕಡೆಯದೆಂದು ಗೊತ್ತುಮಾಡಿದ ಸೀಟಿನಲ್ಲಿ ಬೆಲ್ಟು ಬಿಗಿದು ಕಣ್ಣು ಮುಚ್ಚಬೇಕು. ಪಕ್ಕದಲ್ಲಿ ಕೂತವರು ಯಾವುದಾದರೂ ಕಷ್ಟದ ನಿಲ್ದಾಣಕ್ಕೆ ಮಾತಿನಲ್ಲೇ ವಿಮಾನ ಇಳಿಸಬೇಕು. ಎಡಕ್ಕೆ ಬೆಟ್ಟ ಬಂತು, ಕೆಳಗೆ ನದಿ ತಿರುಗಿತು, ರೆಕ್ಕೆಯ ತುದಿ ಮನೆಗಳ ಮಾಡಿಗೆ ತಾಗುವಷ್ಟು ಬಾಗಿತು, ಹೀಗೆ. ಚಕ್ರ ನೆಲಕ್ಕೆ ತಾಗುವ ಮೊದಲು ಕಣ್ಣು ಮುಚ್ಚಿದವರು ಊರು ಹೇಳಬೇಕು. ಲೇಹ್, ಪಾರೋ, ಕಾಠ್ಮಂಡು, ಮಿಜೋರಾಮಿನ ಲೆಂಗ್‌ಪುಯಿ, ಎಲ್ಲವನ್ನೂ ಶೆಟ್ಟರು ಮೊದಲ ತಿರುವಿನಲ್ಲೇ ಹೇಳಿಬಿಡುತ್ತಿದ್ದರು. ಒಂದೇ ನಿಯಮ: ನೆಲ ತಾಗುವವರೆಗೆ ಕಣ್ಣು ತೆರೆಯಬಾರದು.

ಇಷ್ಟೆಲ್ಲ ತಿಳಿದ ಶೆಟ್ಟರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಕಾಲು ನೆಲ ಬಿಟ್ಟರೆ ಅವರಿಗೆ ಉಸಿರು ಕಟ್ಟುತ್ತದೆ. ಟಿಕೆಟ್ ತೆಗೆದು ನಿಲ್ದಾಣದ ಬಾಗಿಲಿನಿಂದ ತಿರುಗಿ ಬಂದದ್ದೂ ಉಂಟು. ಶೆಟ್ಟರು ಕೂತಲ್ಲೇ ಜಗತ್ತು ಸುತ್ತುತ್ತಾರೆ, ಬ್ಯಾಗು ಕಳೆಯುವ ಭಯವಿಲ್ಲ ಎಂದು ಮೇಡಮ್ ಕಾಡಿಸುತ್ತಿದ್ದರು. ಶೆಟ್ಟರು ನಗುತ್ತಿದ್ದರು. ಆ ಮಳೆಗಾಲದ ಸಂಜೆ ಮಾತ್ರ ನಗಲಿಲ್ಲ.

ಅವರನ್ನು ಸಾಕಿ ಬೆಳೆಸಿದ ಅಕ್ಕನಿಗೆ ಊರಿನ ಆಸ್ಪತ್ರೆಯಲ್ಲಿ ಮರುದಿನ ಮಧ್ಯಾಹ್ನ ಹೃದಯದ ಆಪರೇಷನ್ ಇತ್ತು. ತಮ್ಮನ ಮುಖ ನೋಡದೆ ಒಳಗೆ ಹೋಗುವುದಿಲ್ಲವೆಂದು ಅಕ್ಕ ಹಟ ಹಿಡಿದಿದ್ದರು. ಮುಂದೂಡಿದರೆ ಕಷ್ಟವೆಂದು ಡಾಕ್ಟರು ಹೇಳಿದ್ದರಂತೆ. ಘಟ್ಟದಲ್ಲಿ ಗುಡ್ಡ ಕುಸಿದು ಬಸ್ಸು, ರೈಲು ಎರಡೂ ನಿಂತಿದ್ದವು. ಉಳಿದದ್ದು ಬೆಳಗಿನ ಮಂಗಳೂರು ವಿಮಾನ ಒಂದೇ. ಶೆಟ್ಟರು ಟಿಕೆಟ್ ತೆಗೆದಿದ್ದರು, ಹತ್ತುವ ಧೈರ್ಯ ಸಾಲದೆ ನನ್ನಲ್ಲಿಗೆ ಬಂದಿದ್ದರು. ಮಂಗಳೂರಿಗೆ ಒಮ್ಮೆ ಇಳಿಸಿಬಿಡಿ, ನಾಳೆ ಅದು ಎರಡನೇ ಸಲದ್ದಾಗುತ್ತದೆ ಎಂದರು.

ಈ ಕೆಲಸಕ್ಕೆ ಮೇಡಮ್ ಸರಿ. ಆದರೆ ಅವರು ಪುಣೆ ಹತ್ತಿರದ ಶಿರೂರಿನ ನೆಂಟರ ಮನೆಗೆ ಹೋಗಿದ್ದರು. ನಾನೋ ಮಂಗಳೂರು ನೋಡಿದವನೇ ಅಲ್ಲ. ಶೆಟ್ಟರ ಬಾಯಿಂದಲೇ ಕೇಳಿದ್ದನ್ನು ಅವರಿಗೇ ತಿರುಗಿ ಹೇಳಬೇಕಿತ್ತು. ಆದರೂ ಕೂರಿಸಿದೆ. ಮೋಡ ಟೆರೇಸಿಗೆ ತಾಗುವಷ್ಟು ಕೆಳಗಿತ್ತು. ಇಳಿಯುವ ವಿಮಾನಗಳು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಬಂದು ಹೋಗುತ್ತಿತ್ತು. ಒಮ್ಮೊಮ್ಮೆ ಹಾಲಿನೊಳಗೆ ದೀಪ ಹಚ್ಚಿಟ್ಟಂತೆ ಒಂದು ಬೆಳಕು ಮೂಡಿ ಕರಗುತ್ತಿತ್ತು. ಶೆಟ್ಟರು ಕಣ್ಣು ಮುಚ್ಚಿ ಕೈಯಾಸರೆಯನ್ನು ಗಟ್ಟಿಯಾಗಿ ಹಿಡಿದಿದ್ದರು. ಸಮುದ್ರ ಬಂತು, ತೆಂಗಿನ ತೋಟ ಬಂತು, ಹೆಂಚಿನ ಮನೆಗಳು ಬಂದವು ಎಂದು ಹೇಳುತ್ತ ಹೋದೆ. ನನ್ನ ದನಿ ನನಗೇ ದೂರದಿಂದ ಕೇಳಿದಂತಿತ್ತು.

ಆಗ ಜೇಬಿನಲ್ಲಿ ಫೋನು ಅದುರಿತು. ಹಳೆಯ ಗ್ರೈಂಡರಿಗಾಗಿ ವಾರದಿಂದ ಎಳೆದಾಡುತ್ತಿದ್ದ ಖಾನಾವಳಿಯವನು. ಟೆರೇಸಿನಲ್ಲಿ ಮಾತು ಕಡಿದು ಬರುತ್ತದೆ. ಒಂದು ನಿಮಿಷದಲ್ಲಿ ಬಂದೆನೆಂದು ಮನಸ್ಸಿನಲ್ಲೇ ಅಂದುಕೊಂಡು ಬೆಲ್ಟು ಬಿಚ್ಚಿ ಕೆಳಗಿಳಿದೆ. ವ್ಯಾಪಾರದ ಮಾತು ಒಂದು ನಿಮಿಷಕ್ಕೆ ಮುಗಿದದ್ದು ಯಾವಾಗ? ಅವನು ಒಪ್ಪುವಷ್ಟರಲ್ಲಿ, ಒಲೆಯ ಮೇಲೆ ಚಹಾ ಇಟ್ಟಿದ್ದರೆ ಕುದಿದು ತಣಿಯುತ್ತಿತ್ತು, ಅಷ್ಟು ಹೊತ್ತಾಯಿತು.

ಮೇಲೆ ಬಂದಾಗ ಶೆಟ್ಟರು ಹಾಗೇ ಕೂತಿದ್ದರು, ಕಣ್ಣು ಮುಚ್ಚಿಯೇ ಇತ್ತು. ಆದರೆ ಕೈಗಳು ಮಡಿಲಲ್ಲಿ ಸಡಿಲವಾಗಿದ್ದವು. ತಗಡಿನ ಮೇಲೆ ಹನಿ ಬೀಳುವ ಸದ್ದು ಬಿಟ್ಟರೆ ಎಲ್ಲ ಶಾಂತ. ಪಕ್ಕದಲ್ಲಿ ಕೂರಲು ಹೋದೆ. ನನ್ನ ಸೀಟಿನ ಬೆಲ್ಟು ಹಾಕಿತ್ತು. ಅದನ್ನು ಬಿಚ್ಚಿ ಕೂತೆ. ಗಾಳಿಗೆ ಬಡಿದುಕೊಳ್ಳದಿರಲೆಂದು ಖಾಲಿ ಬೆಲ್ಟು ಕೂಡಿಸಿಡುವ ಅಭ್ಯಾಸ ನನಗಿದೆ, ಎದ್ದಾಗ ಕೈ ತಾನೇ ಆ ಕೆಲಸ ಮಾಡಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಶೆಟ್ಟರು ಕಣ್ಣು ತೆರೆದು, "ಇಳಿಯಿತು. ನಾಳೆ ಹೋಗ್ತೇನೆ," ಎಂದರು. ನನ್ನತ್ತ ನೋಡದೆ ಮೆಟ್ಟಿಲಿಳಿದು ಹೊರಟುಹೋದರು.

ಮರುದಿನ ಹನ್ನೊಂದರ ಸುಮಾರಿಗೆ ಆಸ್ಪತ್ರೆಯಿಂದಲೇ ಫೋನು ಬಂತು. ಅಕ್ಕ ಇನ್ನೂ ವಾರ್ಡಿನಲ್ಲಿದ್ದರು, ತಮ್ಮನ ಕೈ ಹಿಡಿದುಕೊಂಡಿದ್ದರಂತೆ. "ಹೇಳಿದ ಹಾಗೇ ಆಯ್ತು ಮಾರಾಯ್ರೆ," ಎಂದರು ಶೆಟ್ಟರು. ವಿಮಾನ ಮೊದಲ ಸಲ ಗುಡ್ಡದ ನೆತ್ತಿಯ ರನ್‌ವೇ ತನಕ ಬಂದು, ಇಳಿಯದೆ ಮತ್ತೆ ಮೇಲಕ್ಕೆ ಎದ್ದಿತಂತೆ. ಸುತ್ತಲಿನವರೆಲ್ಲ ದೇವರನ್ನು ನೆನೆಯುತ್ತಿದ್ದರೆ ಇವರು ನಿರಾಳವಾಗಿದ್ದರು. ಹಾಗಾಗುತ್ತದೆಂದು, ಸಮುದ್ರ ಎರಡು ಸಲ ಕಾಣುತ್ತದೆಂದು, ಮುಂದಿನ ಸೀಟಿನವರು ಕಿತ್ತಳೆ ಸುಲಿದ ವಾಸನೆ ಬಂದ ಮೇಲೆ ಮೋಡ ಹರಿದು ಕೆಂಪು ಗುಡ್ಡ ಕಾಣುತ್ತದೆಂದು ಅವರಿಗೆ ಗೊತ್ತಿತ್ತು. ಕಿತ್ತಳೆಯ ವಾಸನೆ ಬಂತು, ಮೋಡ ಹರಿಯಿತು, ವಿಮಾನ ಇಳಿಯಿತು.

ಮೇಲಕ್ಕೆ ಏಳುವ ಮಾತನ್ನು ನಾನು ಆಡಿರಲಿಲ್ಲ. ಹೆದರಿದ ಮನುಷ್ಯನಿಗೆ ಅದನ್ನು ಹೇಳುವಷ್ಟು ದಡ್ಡ ನಾನಲ್ಲ. ಕಿತ್ತಳೆಯಂತೂ ನನ್ನ ತಲೆಗೇ ಹೊಳೆದಿರಲಿಲ್ಲ.

ಅಕ್ಕ ಗುಣವಾದರು. ಶೆಟ್ಟರು ಈಗ ಅಕ್ಕನನ್ನು ನೋಡಲು ಬಸ್ಸು ಹತ್ತುವುದೇ ಇಲ್ಲ. ನಾನು ನಡುವೆ ಎದ್ದುಹೋದ ವಿಷಯವನ್ನು ವರ್ಷಗಟ್ಟಲೆ ಬಾಯಿಬಿಡಲಿಲ್ಲ. ಹೇಳಿದರೆ ಅವರ ಧೈರ್ಯ ಎಲ್ಲಿ ಕಳಚಿಬೀಳುವುದೋ ಎಂಬ ಅಂಜಿಕೆ. ಒಬ್ಬನೇ ಇದ್ದಾಗ ಲೆಕ್ಕ ಹಾಕುತ್ತಿದ್ದೆ. ಶೆಟ್ಟರಿಗೆ ನಿದ್ದೆ ಹತ್ತಿ ಕನಸು ಬಿದ್ದಿರಬಹುದು. ಮಳೆಗಾಲದ ಮಂಗಳೂರಿನಲ್ಲಿ ವಿಮಾನ ಮತ್ತೆ ಏರುವುದು ಅಪರೂಪವಲ್ಲ, ಅದು ಅವರ ತಲೆಯಲ್ಲಿ ಮೊದಲೇ ಇತ್ತು. ಲೆಕ್ಕ ಅಲ್ಲಿಯವರೆಗೆ ಸರಿಹೋಗುತ್ತಿತ್ತು, ಕಿತ್ತಳೆಯ ಹತ್ತಿರ ನಿಂತುಬಿಡುತ್ತಿತ್ತು.

ಇದನ್ನು ಬರೆಯಬೇಕೆಂದಾಗ ಅವರನ್ನು ಕೇಳದೆ ಬರೆಯುವುದು ಸರಿಯಲ್ಲ ಅನ್ನಿಸಿತು. ಕಳೆದ ಭಾನುವಾರ ಸಂಜೆ ಅದೇ ಸೀಟಿನಲ್ಲಿ ಕೂತು ಹೇಳಿದೆ. "ಶೆಟ್ರ, ಆವತ್ತ ನಾ ನಡುವ ಎದ್ದು ಕೆಳಗ ಹೋಗಿದ್ನಿರಿ. ಫೋನ್ ಬಂದಿತ್ತು."

"ಗೊತ್ತುಂಟು," ಎಂದರು. "ನಿಮ್ಮ ಚಪ್ಪಲಿ ಮೆಟ್ಟಿಲಿಳಿದದ್ದು ಕೇಳಿಸಿತ್ತು."

"ಹಂಗಾದ್ರ ಆಮ್ಯಾಲ ಮಾತಾಡಿದವರು ಯಾರ್ರೀ?"

ಶೆಟ್ಟರು ಇಳಿಯುತ್ತಿದ್ದ ವಿಮಾನವೊಂದನ್ನು ಕಣ್ಣಿನಿಂದ ಮರೆಯಾಗುವವರೆಗೆ ನೋಡಿದರು. "ನನಗೂ ಗೊತ್ತಿಲ್ಲ ಮಾರಾಯ್ರೆ. ತುಳುವಿನಲ್ಲಿ ಹೇಳ್ತಾ ಇತ್ತು. ನಿಮಗೆ ತುಳು ಬರುದಿಲ್ಲ ಅಲ್ವಾ."

ಕಣ್ಣು ತೆರೆದು ನೋಡಬೇಕಿತ್ತಲ್ಲ ಎಂದೆ.

"ತೆರೆದಿದ್ದರೆ ಅಕ್ಕನ ಹತ್ತಿರ ಹೋಗ್ಲಿಕ್ಕೆ ಆಗ್ತಿತ್ತಾ?" ಎಂದರು.

ಇನ್ನು ಓದುಗರಿಗೆ ಉಪಯೋಗವಾಗುವ ಒಂದೆರಡು ಮಾತು ಹೇಳಬಲ್ಲೆ. ಮಳೆಗಾಲದಲ್ಲಿ ಕರಾವಳಿಗೆ ಹೋಗುವುದಿದ್ದರೆ ಬೆಳಗಿನ ವಿಮಾನ ಹಿಡಿಯಿರಿ, ತಡವಾದರೂ ಮುಂದೆ ದಿನ ಉಳಿದಿರುತ್ತದೆ. ಹೆದರಿಕೆಯಿದ್ದರೆ ರೆಕ್ಕೆಯ ಹತ್ತಿರದ ಸೀಟು ಕೇಳಿ ಪಡೆಯಿರಿ, ಅಲ್ಲಿ ಕುಲುಕಾಟ ಕಡಿಮೆ. ಇಳಿಯುವ ವಿಮಾನ ಮತ್ತೆ ಮೇಲಕ್ಕೆದ್ದರೆ ಗಾಬರಿ ಬೇಡ, ಅದು ಪೈಲಟನ ಜಾಣತನ. ಗುಜರಿಯಲ್ಲಿ ವಿಮಾನದ ಸೀಟು ಕೊಳ್ಳುವುದಾದರೆ ಕಾಲು ನೋಡಿ, ಬೆಲ್ಟು ಎಳೆದು ನೋಡಿ, ಹೇಳಿದ ಬೆಲೆಯ ಅರ್ಧದಿಂದ ಮಾತು ಶುರುಮಾಡಿ. ಮನೆಯಲ್ಲಿ ಯಾರನ್ನಾದರೂ ಕಣ್ಣು ಮುಚ್ಚಿಸಿ ಇಳಿಸಲು ಕೂತರೆ, ಎಷ್ಟೇ ಲಾಭದ ಫೋನು ಬರಲಿ, ನಡುವೆ ಏಳಬೇಡಿ. ಏಳಲೇಬೇಕಾಗಿ ಬಂದರೆ, ತಿರುಗಿ ಬಂದು ಕೂರುವ ಮೊದಲು ಪಕ್ಕದ ಸೀಟಿನ ಬೆಲ್ಟು ನೋಡಿ. ಹಾಕಿದ್ದರೆ ನನ್ನ ಹಾಗೆ ಅವಸರದಲ್ಲಿ ಬಿಚ್ಚಬೇಡಿ. ಸ್ವಲ್ಪ ಹೊತ್ತು ನಿಂತೇ ಇರಿ.