ಉಕ್ಕಿಸುವ ಹಾಲು ಬೆಕ್ಕಿಗೆ

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಶಿರಸಿಯ ಈ ಮನೆ ನಮ್ಮದಾದ ಬೆಳಗನ್ನು ನಾನು ಮರೆಯುವುದುಂಟೇ! ಬಾಡಿಗೆ ಮನೆ ಖಾಲಿ ಮಾಡಿ, ಚಕ್ಕಡಿಯಲ್ಲಿ ಸಾಮಾನು ಹೇರಿಕೊಂಡು ಬಂದು ನಿಂತಿದ್ದೆವು. ಹಾಲುಕ್ಕಿಸುವ ಮುಹೂರ್ತ ಮೀರುತ್ತಿತ್ತು. ಮನೆ ಮಾರುತ್ತಿದ್ದ ಸಾಬರ ಅಜ್ಜಿ ಮಾತ್ರ ಖರೀದಿ ಪತ್ರಕ್ಕೆ ಹೆಬ್ಬೆಟ್ಟು ಒತ್ತದೆ, ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲೇ ಕುಳಿತುಬಿಟ್ಟಿದ್ದರು.

"ನಾ ಮಗನ ಸಂಗಾಟ ಯಲ್ಲಾಪುರಕ್ಕ ಹೊಂಟೀನಿ. ಇದು ಮನಿ ಬಿಟ್ಟು ಬರಾಂಗಿಲ್ಲ. ನೀವು ಮೀನು ತರಾಂಗಿಲ್ಲ. ನಿಮ್ಮ ರೊಟ್ಟಿ-ಪಲ್ಯೆ ತಿಂದೀತೇನು ಇದು?"

ಯಜಮಾನರು ಸಾಮಾನಿನ ಚಕ್ಕಡಿಯತ್ತ ತಿರುಗಿ ನೋಡಿದರು. ಎಲ್ಲಿಗೆ ವಾಪಸು ಹೋಗುವುದು? ನಾನು ಹಿಂದೆಮುಂದೆ ನೋಡದೆ ತಂಬಿಗೆಯ ಹಾಲನ್ನು ತೆಂಗಿನ ಚಿಪ್ಪಿಗೆ ಸುರಿದು ಬೆಕ್ಕಿನ ಮುಂದಿಟ್ಟೆ.

"ಅಯ್ಯ ಹುಚ್ಚಿ, ಉಕ್ಕಿಸೋ ಹಾಲು ಎಂಜಲ ಮಾಡಿದೆಲ್ಲೇ!" ಎಂದು ಅತ್ತೆ ಹಣೆ ಬಡಿದುಕೊಂಡರು.

ಬೆಕ್ಕು ಚಿಪ್ಪು ನೆಕ್ಕಿ ಮುಗಿಸುವವರೆಗೂ ಅಜ್ಜಿ ನೋಡುತ್ತಿದ್ದರು. ಆಮೇಲೆ, "ಸೊಸಿಗೆ ಬೈಬ್ಯಾಡ್ರಿ. ಮೊದಲು ಮನಿಯವ್ರಿಗೆ ಹಾಕ್ಯಾಳ" ಎಂದು ಹೆಬ್ಬೆರಳು ಚಾಚಿದರು.

ಉಳಿದ ಗುಟುಕು ಹಾಲು ಉಕ್ಕಲೇ ಇಲ್ಲ, ತಳ ಹಿಡಿಯಿತು. ಆದರೇನಾಯಿತು! ಈಗ ಮೊಮ್ಮಗಳು ಅದೇ ಹೊಸ್ತಿಲಲ್ಲಿ ಬೆಕ್ಕಿನ ಮರಿಗೆ ಹಾಲಿಡುವಾಗ ನನಗೆ ನಗು ತಡೆಯುವುದಿಲ್ಲ. ಅತ್ತೆ ಇದ್ದಿದ್ದರೆ ಇವತ್ತೂ ಬೈಯುತ್ತಿದ್ದರು.