ಗುರುವಾರದ ಲಂಚ್ ಗುಂಪು

ಶಾಲೆಗಳು ಕೋವಿಡ್ ನಂತರ ಮತ್ತೆ ತೆರೆದ ವರ್ಷ, ತರಗತಿಗಳು ಅರ್ಧ ಮುಗಿದಿರುವಾಗ, ನಾವು ಅಮೆರಿಕದಲ್ಲೇ ಗೈದರ್ಸ್‌ಬರ್ಗ್‌ ಊರಿನಿಂದ ಅಲ್ಫರೆಟಾಗೆ ಬಂದೆವು. ಗಂಡನಿಗೆ ಹೊಸ ಕೆಲಸ, ನನಗೆ ಹೊಸ ಅಡುಗೆಮನೆ, ನಾಲ್ಕನೇ ಗ್ರೇಡಿನ ಮಗಳಿಗೆ ಹೊಸ ಶಾಲೆ. ಕಷ್ಟದ ಪಾಲು ಅವಳಿಗೇ ಬಂತು. ಅವಳ ಲಂಚ್ ಬಾಕ್ಸ್ ಹೋದ ಹಾಗೇ ವಾಪಸ್ ಬರುತ್ತಿತ್ತು. ಕೇಳಿದರೆ "ಹಸಿವಿರ್ಲಿಲ್ಲ" ಅನ್ನುವಳು. ಚಿತ್ರಾನ್ನದ ತಪ್ಪಿರಬೇಕೆಂದು ಪಾಸ್ತಾ ಕಳಿಸಿದೆ. ಅದೂ ತಣ್ಣಗಾಗಿ ಮನೆಗೆ ಬಂತು. ಆಮೇಲೆ ಅಡುಗೆ ಬದಲಿಸುವುದು ಬಿಟ್ಟು ಚಿಂತೆ ಮಾಡುತ್ತ ಕೂತೆ.

ಅಷ್ಟರಲ್ಲಿ ಶಾಲೆಯ ಕೌನ್ಸೆಲರ್ ಇಮೇಲ್ ಕಳಿಸಿದರು. ನಿಮ್ಮ ಮಗಳನ್ನು ಒಂದು ಸಣ್ಣ ಗುಂಪಿಗೆ ಆರಿಸಿದ್ದೇವೆ, ಪ್ರತಿ ಗುರುವಾರ ಲಂಚ್ ಹೊತ್ತಿಗೆ ನನ್ನ ರೂಮಿನಲ್ಲಿ ಸೇರುತ್ತೇವೆ, ಒಪ್ಪಿಗೆ ಕೊಡಿ ಎಂದಿತ್ತು. ನನ್ನ ಗಂಡನ ಮುಖ ಊರಗಲವಾಯಿತು.

"ಬಂದು ಇನ್ನೂ ಸಾಮಾನಿನ ಬಾಕ್ಸ್‌ಗಳನ್ನೇ ಬಿಚ್ಚಿಲ್ಲ, ಆಗ್ಲೇ ಸೆಲೆಕ್ಟ್ ಆಗ್ಬಿಟ್ಳು ನೋಡು. ಜಾಣ ಮಕ್ಕಳಿಗೆ ಇರೋ ಗಿಫ್ಟೆಡ್ ಪ್ರೋಗ್ರಾಮ್ ಕಣೇ."

"ಗಿಫ್ಟೆಡ್ ಕ್ಲಾಸನ್ನ ಕೌನ್ಸೆಲರ್ ಯಾಕ್ರೀ ತಗೋತಾರೆ?"

"ಹಾಗಾದ್ರೆ ಲೀಡರ್‌ಶಿಪ್ ಇರ್ಬೇಕು."

ನಮ್ಮ ಮಗಳು ಪಿಜ್ಜಾ ಆರ್ಡರ್ ಮಾಡುವ ಫೋನಿಗೂ ಹೆದರಿ ಸೋಫಾ ಹಿಂದೆ ಸೇರುವವಳು. ಆದರೂ ನಾನು ಅರ್ಧ ನಂಬಿದೆ. ನಂಬುವುದು ಹಿತವಾಗಿತ್ತು. ನಮ್ಮವರಿಗೆ ಮಕ್ಕಳನ್ನು ಯಾರಾದರೂ ಆರಿಸಿದರು ಅಂದರೆ ಸಾಕು, ಯಾತಕ್ಕೆ ಅಂತ ಕೇಳುವ ವ್ಯವಧಾನ ಇರುವುದಿಲ್ಲ.

ಆ ಶನಿವಾರ ಬಡಾವಣೆಯ ಕನ್ನಡದವರ ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಊಟ. ಬಿಸಿಬೇಳೆಬಾತಿನ ಮೇಲೆ ಬೂಂದಿ ಉದುರಿಸಿಕೊಳ್ಳುತ್ತ ನನ್ನ ಗಂಡ ಲೀಡರ್‌ಶಿಪ್ ಗುಂಪಿನ ಸುದ್ದಿಯನ್ನೂ ಉದುರಿಸಿದರು. ನಮ್ಮ ರಸ್ತೆಯ ಕೊನೆಯ ಮನೆಯಾಕೆ ತಟ್ಟೆ ಕೆಳಗಿಟ್ಟರು. ಅವರ ಮಗಳೂ ಅದೇ ಶಾಲೆ, ಅದೇ ಗ್ರೇಡು. ಆ ಹುಡುಗಿಗೆ ಫ್ರೆಂಡ್ಸ್ ಎಷ್ಟು ಅಂದರೆ ವೀಕೆಂಡು ಸಾಲುವುದಿಲ್ಲ ಎಂದು ಆಗಾಗ ಹೇಳುತ್ತಿದ್ದರು.

"ಟೆಸ್ಟ್ ಯಾವಾಗ ಇತ್ತು? ನಮಗೊಂದು ಮಾತು ಹೇಳ್ಬಾರ್ದಿತ್ತಾ?"

"ಟೆಸ್ಟ್ ಏನಿಲ್ಲ, ಅವರೇ ಗುರುತಿಸಿದ್ದು," ಎಂದರು ನನ್ನ ಗಂಡ, ಬಹಳ ವಿನಯದಿಂದ.

ಭಾನುವಾರ ಆಕೆ ಮೆಸೇಜ್ ಮಾಡಿದರು. ತಮ್ಮ ಮಗಳನ್ನೂ ಸೇರಿಸಿಕೊಳ್ಳಿ ಎಂದು ಶಾಲೆಗೆ ಇಮೇಲ್ ಹೋಗಿಯೇ ಬಿಟ್ಟಿತ್ತು.

ಸೋಮವಾರ ಕೌನ್ಸೆಲರ್ ನನಗೆ ಫೋನ್ ಮಾಡಿ ಗುಂಪು ಏನೆಂದು ವಿವರಿಸಿದರು. ಜೊತೆಗಾರರು ಸಿಗದ ಮಕ್ಕಳಿಗಂತೆ. ನನ್ನ ಮಗಳು ಕೆಫೆಟೇರಿಯಾದ ತುದಿಯ ಟೇಬಲ್ಲಿನಲ್ಲಿ ಒಬ್ಬಳೇ ಕೂತು, ಬಾಕ್ಸ್ ತೆರೆಯದೆ ಬೆಲ್ಲಿಗಾಗಿ ಕಾಯುತ್ತಾಳಂತೆ. ಒಗ್ಗರಣೆಯಲ್ಲಿ ತಪ್ಪು ಹುಡುಕುತ್ತಿದ್ದೆನಲ್ಲ ನಾನು.

ಗಂಡನಿಗೆ ಫೋನ್ ಮಾಡಿ ಹೇಳಿದೆ. ಅವರು ಫೋರ್ ಹಂಡ್ರೆಡ್ ಹೈವೇಯ ಟ್ರಾಫಿಕ್ಕಿನಲ್ಲಿ ನಿಂತಿದ್ದರು. "ಬೂಂದಿ ಹಾಕ್ಕೊಂಡು ಸುಮ್ನೆ ತಿನ್ಬೇಕಿತ್ತು ನಾನು," ಎಂದರು.

ಬಾಯಿಗೆ ಬೀಗ ಹಾಕಿಕೊಳ್ಳುವುದೆಂದು ತೀರ್ಮಾನಿಸಿದೆವು. ನಿಜ ಹೊರಬಿದ್ದರೆ ಬಡಾವಣೆಗೆಲ್ಲ ಡಂಗುರ, ಮಗಳು ಇನ್ನಷ್ಟು ಮುದುಡಿಹೋಗುತ್ತಾಳೆ. ಕೊನೆಯ ಮನೆಯ ಹುಡುಗಿಗೆ ಜಾಗ ಸಿಗದಿರಲಿ ಎಂದು ದೇವರಿಗೆ ಕೈಮುಗಿದೆ. ಫ್ರೆಂಡ್ಸ್ ತುಂಬಿ ತುಳುಕುವ ಮಗು ಅಲ್ಲಿ ಹೋಗಿ ಏನು ಮಾಡೀತು?

ಗುರುವಾರ ಬಾಕ್ಸ್ ಖಾಲಿ ಬಂತು. ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದೆ.

"ಲಾಸ್ಟ್ ಹೌಸ್ ಆಂಟಿ ಮಗಳೂ ಬಂದಿದ್ಳು, ಅಮ್ಮ," ಎಂದಳು ಮಗಳು. "ಶೀ ಈಸ್ ಸೋ ಫನ್ನಿ. ಅವಳು ಲಂಚ್ ಟೈಮಲ್ಲಿ ಎವ್ರಿ ಡೇ ಲೈಬ್ರರಿಗೆ ಹೋಗ್ತಾಳಂತೆ. ಅದಕ್ಕೇ ನಾನು ಅವಳನ್ನ ಲಂಚಲ್ಲಿ ನೋಡೇ ಇರ್ಲಿಲ್ಲ."

"ಲೈಬ್ರರಿಯಲ್ಲಿ ತಿನ್ನೋಕೆ ಬಿಡ್ತಾರಾ?"

"ನೋ. ಅವಳೂ ತಿಂತಿರ್ಲಿಲ್ಲ."

ಕೆಲವು ವಾರಗಳ ಮೇಲೆ, ವಾಕಿಂಗ್ ಹೊರಟಾಗ ಕೊನೆಯ ಮನೆಯಾಕೆ ಸಿಕ್ಕರು. ನಾನು ತಪ್ಪಿಸಿಕೊಳ್ಳಲು ಕಾಗದವೇ ಇಲ್ಲದ ನಮ್ಮ ಮೇಲ್‌ಬಾಕ್ಸಿನಲ್ಲಿ ಕೈ ಆಡಿಸುತ್ತ ನಿಂತೆ. ಆಕೆ ಬಿಡಲಿಲ್ಲ.

"ಆ ಲೀಡರ್‌ಶಿಪ್ ಗ್ರೂಪಲ್ಲಿ ಏನ್ ಹೇಳ್ಕೊಡ್ತಾರೆ ಅಂತ ನಿಮ್ಮವಳು ಏನಾದ್ರೂ ಹೇಳಿದ್ಳಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕೂತ್ಕೊಂಡು ಊಟ ಮಾಡ್ತಾರೆ, ಅಷ್ಟೇ," ಎಂದೆ.

ಅದಕ್ಕೂ ಕೋಚಿಂಗ್ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ ಅಂದುಕೊಂಡೆ. ಆಕೆ ರಸ್ತೆಯ ಕಡೆ ತಿರುಗಿದರು.

"ನಮ್ಮನೇಲೂ ಬಾಕ್ಸ್ ಈಗ ಖಾಲಿ ಬರ್ತಿದೆ," ಎಂದರು.