ಗಂಗಮ್ಮನ ಮೆಟ್ಟಿಲು

ನೆನೆದ ಮಣ್ಣುಗೋಡೆಯ ವಾಸನೆ ನಿಮಗೆ ನೆನಪಿದೆಯೇ? ಮೊದಲ ಮಳೆಯ ಘಮವಲ್ಲ ಅದು. ನೆನೆಹಾಕಿದ ರಾಗಿಯ ಹಾಗೆ ತುಸು ಹುಳಿ. ಹೋದ ವಾರ ನಮ್ಮ ಜೆ.ಪಿ. ನಗರದ ಬೀದಿಯಲ್ಲಿ ಹಳೆಯ ಗೋಡೆಯೊಂದನ್ನು ಮಳೆಯಲ್ಲೇ ಕೆಡವುತ್ತಿದ್ದರು. ಆ ವಾಸನೆ ಬಂದದ್ದೇ ತಡ, ಎಪ್ಪತ್ತು ದಾಟಿದ ನಾನು ಕೊಡೆ ಹಿಡಿದು ನಿಂತಲ್ಲೇ ಎರಡನೇ ಕ್ಲಾಸಿನ ಹುಡುಗಿಯಾದೆ.

ನನ್ನ ತಾತ ಆಗಿನ್ನೂ ಹಳ್ಳಿಯಾಗಿದ್ದ ಸಾರಕ್ಕಿಯ ನೀರುಗಂಟಿ. ಕೆರೆಯ ತೂಬು ತೆರೆದು ಯಾರ ಗದ್ದೆಗೆ ಎಷ್ಟು ನೀರು ಬಿಡಬೇಕೆಂದು ನೋಡಿಕೊಳ್ಳುವುದು ಅವರ ಕೆಲಸ. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ಪಕ್ಕದಲ್ಲೇ ನಮ್ಮ ಮಣ್ಣಿನ ಮನೆ. ಮಳೆಗಾಲದ ಕೊನೆಯಲ್ಲಿ ಊರವರು ಕೋಡಿಯ ಮೇಲೆ ಹುಲ್ಲುಹೆಂಟೆ ಪೇರಿಸಿ, ಬೇಸಿಗೆಗೆಂದು ಒಂದು ಮೊಳ ನೀರು ಹೆಚ್ಚು ನಿಲ್ಲಿಸುತ್ತಿದ್ದರು. ಆಮೇಲೆ ಜೋರು ಮಳೆ ಬಂದರೆ ತಾತ ಕೆರೆಯ ಮೆಟ್ಟಿಲು ಎಣಿಸುತ್ತಿದ್ದರು. ನೀರಿನ ಮೇಲೆ ನಾಲ್ಕೇ ಮೆಟ್ಟಿಲು ಉಳಿದರೆ ಹೆಂಟೆಗಳನ್ನು ಒಂದೊಂದಾಗಿ ತೆಗೆಯಬೇಕು. ತಡವಾದರೆ ನೀರು ಅಷ್ಟನ್ನೂ ಒಟ್ಟಿಗೆ ಕಿತ್ತುಕೊಂಡು ನಮ್ಮ ಮನೆಯ ಮೇಲೇ ಬರುತ್ತದೆ.

ಆ ವರ್ಷ ಮದರಾಸಿನ ಕಡೆಯಿಂದ ಚಂಡಮಾರುತ ಬಂತು. ಎರಡು ದಿನ ಬಿಡದೆ ಸುರಿಯಿತು. ರೇಡಿಯೊ ಇದ್ದದ್ದು ಮೇಷ್ಟ್ರ ಮನೆಯಲ್ಲಿ ಮಾತ್ರ. ಬೆಳಿಗ್ಗೆ ಅವರು ಗೋಣಿಚೀಲ ಹೊದ್ದು ಬಂದು, ಚಂಡಮಾರುತ ದುರ್ಬಲವಾಗಿದೆಯಂತೆ, ಇನ್ನು ಹೆದರಿಕೆಯಿಲ್ಲ ಎಂದರು. ನನಗೋ ತಡೆಯಲಾಗದ ಕುತೂಹಲ. ಗಾಳಿಗೂ ಸುಸ್ತಾಗುತ್ತದೆಯೇ? ಅದಕ್ಕೂ ಜ್ವರ ಬರುತ್ತದೆಯೇ?

"ಸುಸ್ತಾದ್ಮೇಲೆ ಅದು ಏನ್ಮಾಡುತ್ತೆ ತಾತ?"

"ನಮ್ಮಂಗೇ ಕಣ್ ಮಗಾ. ಎಲ್ಲಾದ್ರೂ ಕೂತ್ಕೊಳುತ್ತೆ. ಕೂತ ಕಡೆ ಸುರೀತದೆ."

ಮೇಷ್ಟ್ರು ನಕ್ಕರು. ತಾತ ನಗದೆ ಕೆರೆಯ ಏರಿಯನ್ನು ಹತ್ತಿದರು. ಏರಿಯಲ್ಲಿ ಏಡಿ ಕೊರೆದ ಬಿಲವೊಂದರಿಂದ ನೀರು ಜಿನುಗುತ್ತಿತ್ತು. ಅದಕ್ಕೆ ಹುಲ್ಲು, ಜೇಡಿಮಣ್ಣು ತುರುಕುತ್ತಾ ಕೂತವರು ಅಲ್ಲಿಂದ ಏಳುವಂತಿರಲಿಲ್ಲ. ಮೆಟ್ಟಿಲು ಎಣಿಸಿ ಬರಲು ನನ್ನನ್ನು ಕಳಿಸಿದರು. ನನಗೆ ಹೇಳಲಾರದಷ್ಟು ಜಂಬ. ಕೆರೆಯ ನೀರು ಟೀ ಬಣ್ಣಕ್ಕೆ ತಿರುಗಿತ್ತು; ಒಂದು ಬುಟ್ಟಿ, ಯಾರದೋ ಒಂದು ಚಪ್ಪಲಿ, ಮುರಿದ ಹೊಂಗೆ ಕೊಂಬೆಯ ಮೇಲೆ ಕೂತ ಕಪ್ಪೆ, ಎಲ್ಲವೂ ತೇಲಿಬರುತ್ತಿದ್ದವು. ಅವನ್ನೆಲ್ಲ ಕಣ್ತುಂಬ ನೋಡಿ, ಸ್ಕೂಲಿನಲ್ಲಿ ಕಲಿತಂತೆ ಬೆರಳಿಟ್ಟು ಎಣಿಸಿ, ಓಡಿಬಂದು "ಐದು!" ಎಂದು ಕೂಗಿದೆ.

"ಹಂಗಾದ್ರೆ ಇನ್ನೂ ಟೈಮದೆ," ಎಂದು ತಾತ ಬಿಲಕ್ಕೆ ಮತ್ತಷ್ಟು ಮಣ್ಣು ಮೆತ್ತಿದರು.

ಮಧ್ಯಾಹ್ನದ ಹೊತ್ತಿಗೆ ಕೋಡಿಯ ಹೆಂಟೆಗಳೆಲ್ಲ ಒಮ್ಮೆಲೇ ಕಿತ್ತುಹೋದವು. ಅಜ್ಜಿ ಬಿತ್ತನೆ ರಾಗಿಯ ಮೂಟೆಯನ್ನೂ ನನ್ನನ್ನೂ ಏರಿಗೆ ಎಳೆದುಕೊಂಡಳು, ಅಷ್ಟೇ. ನಮ್ಮ ಮನೆ ಅಡುಗೆಮನೆಯ ಕಡೆಯಿಂದ ಮೆಲ್ಲಗೆ ಕೂತುಹೋದದ್ದನ್ನು ಮೂವರೂ ನಿಂತು ನೋಡಿದೆವು. ಏರಿ ಮಾತ್ರ ಉಳಿಯಿತು, ಊರೂ ಉಳಿಯಿತು.

ಮಾರನೆಯ ದಿನ ತಾತ ನನ್ನನ್ನು ಮೆಟ್ಟಿಲ ಬಳಿಗೆ ಕರೆದೊಯ್ದರು. ಎಲ್ಲಕ್ಕಿಂತ ಮೇಲಿನ ಕಲ್ಲಿಗೆ ಅರಿಸಿನ ಕುಂಕುಮ ಬಳಿದಿತ್ತು. ಅದು ಗಂಗಮ್ಮನದು, ಅದರ ಮೇಲೆ ಯಾರೂ ಕಾಲಿಡುತ್ತಿರಲಿಲ್ಲ, ದಾಟಿಯೇ ಇಳಿಯುತ್ತಿದ್ದರು. ನೀರುಗಂಟಿಯ ಲೆಕ್ಕದಲ್ಲಿ ಅದು ಮೆಟ್ಟಿಲೇ ಅಲ್ಲ.

"ಇದನ್ನೂ ಸೇರಿಸ್ದ್ಯಾ ಮಗಾ?"

ಹೌದೆಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಸಂಜೆ ಊರ ಹಿರಿಯರು ಸೇರಿ, ಎಣಿಸಿದ್ದು ಯಾರು ಎಂದು ಕೇಳಿದರು. ನಾನು ಅಜ್ಜಿಯ ಸೆರಗಿನ ಹಿಂದೆ ಅವಿತಿದ್ದೆ.

"ನಾನೇ ಎಣಿಸ್ದೆ," ಎಂದರು ತಾತ. "ಕಣ್ಣು ಮಂಜಾಗ್ಬುಟ್ಟದೆ."

ಮುಂದಿನ ಮಳೆಗಾಲಕ್ಕೆ ತೂಬಿನ ಕೆಲಸ ಬೇರೆಯವರ ಕೈಗೆ ಹೋಯಿತು. ತಾತ ಆಮೇಲೂ ದಿನಾ ಕೆರೆಗೆ ಹೋಗಿ, ಕೈಕಟ್ಟಿ ನಿಂತು ಬರುತ್ತಿದ್ದರು. ಅವರ ಕಣ್ಣಿಗೆ ಮಂಜು ಇರಲಿಲ್ಲ. ಸಾಯುವ ತನಕ ಸೂಜಿಗೆ ದಾರ ಪೋಣಿಸಿಕೊಟ್ಟದ್ದು ಅವರೇ. ಊರವರಿಗೆ ನಿಜ ಹೇಳುವ ಧೈರ್ಯ ನನಗೆ ಬರಲೇ ಇಲ್ಲ.

ಈಗ ನಮ್ಮದು ಅಪಾರ್ಟ್‌ಮೆಂಟು. ಮೊನ್ನೆಯೂ ಚಂಡಮಾರುತವಂತೆ, ಬೇಸ್‌ಮೆಂಟಿಗೆ ನೀರು ನುಗ್ಗಿತು. "ವೀಕ್ ಆಗಿದ್ಯಂತೆ ಅಜ್ಜಿ, ಏನೂ ಆಗಲ್ಲ," ಎಂದಳು ಮೊಮ್ಮಗಳು, ಮೊಬೈಲು ನೋಡುತ್ತಾ. ನಾನು ಗೋಡೆ ಹಿಡಿದು ಬೇಸ್‌ಮೆಂಟಿನ ಮೆಟ್ಟಿಲ ಬಳಿಗೆ ಹೋದೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲನ್ನು ಕಾಲಿಡದೆ ದಾಟಿ, ನೀರಿನ ಮೇಲೆ ಉಳಿದವನ್ನು ಎಣಿಸಿದೆ.

"ನಾಲ್ಕು, ತಾತ," ಎಂದೆ. "ನಾಲ್ಕೇ ಇದ್ದದ್ದು."